ಬೆಳಗಾವಿಯಲ್ಲಿ ಕೆಂಪು ರಾಸ್ಪ್‌ಬೆರಿ: ಕಾಲ ನೋಡಿ ಕತ್ತರಿ ಹಾಕಿ

ಮಹಾಬಳೇಶ್ವರಕ್ಕೆ ಹೋಗಿ ಬಂದವರು ಸ್ಟ್ರಾಬೆರಿ ಜೊತೆ ರಾಸ್ಪ್‌ಬೆರಿಯ ರುಚಿಯನ್ನೂ ನೋಡಿರುತ್ತಾರೆ. ಮನೆಗೆ ಬಂದ ಮೇಲೆ ಇದು ನಮ್ಮಲ್ಲೂ ಬೆಳೆಯುತ್ತದಾ ಅಂತ ಕೇಳುತ್ತಾರೆ. ಬೆಳಗಾವಿ, ಖಾನಾಪುರ ಕಡೆ ಖಂಡಿತ ಪ್ರಯತ್ನ ಮಾಡಬಹುದು. ಎಕರೆಗಟ್ಟಲೆ ಹಾಕಿ ಮಾರುವ ಲೆಕ್ಕದಲ್ಲಿ ಬೇಡ, ಹಿತ್ತಲಲ್ಲೋ ಟೆರೇಸ್ ಮೇಲೋ ಮನೆಮಂದಿ ತಿನ್ನುವಷ್ಟು ಸಾಕು.

ಇದು ಚಳಿ ಸೀಮೆಯ ಗಿಡ. ಬೇಸಿಗೆಯಲ್ಲಿ ಹಣ್ಣು ಕೊಡುವ ಸಾಮಾನ್ಯ ತಳಿಗಳಿಗೆ ಚಳಿಗಾಲದಲ್ಲಿ 7 ಡಿಗ್ರಿಗಿಂತ ಕೆಳಗಿನ ತಂಪು 800 ಗಂಟೆ ಅಥವಾ ಅದಕ್ಕೂ ಜಾಸ್ತಿ ಬೇಕು. ಸುಮಾರು 750 ಮೀಟರ್ ಎತ್ತರದ ಬೆಳಗಾವಿಯಲ್ಲಿ ಅಂಥ ಚಳಿ ಎಲ್ಲಿಂದ ಬರಬೇಕು? ಅದಕ್ಕೇ ತಳಿ ಆರಿಸುವುದರಲ್ಲೇ ಅರ್ಧ ಕೆಲಸ ಇದೆ.

ರಾಸ್ಪ್‌ಬೆರಿಯ ಬೇರು ಎಷ್ಟೋ ವರ್ಷ ಬದುಕುತ್ತದೆ, ಆದರೆ ಮೇಲಿನ ಒಂದೊಂದು ಕಡ್ಡಿಗೂ ಎರಡೇ ವರ್ಷ ಆಯುಷ್ಯ. ಮೊದಲ ವರ್ಷ ಹಸಿರಾಗಿ ಎತ್ತರಕ್ಕೆ ಹೋಗುತ್ತದೆ, ಎರಡನೇ ವರ್ಷ ಹಣ್ಣು ಕೊಟ್ಟು ಒಣಗುತ್ತದೆ. ಹೊಸ ಕಡ್ಡಿ ಬುಡದಿಂದ ಬರುತ್ತಲೇ ಇರುತ್ತದೆ. ಕೆಲವು ತಳಿಗಳು ಮಾತ್ರ ಮೊದಲ ವರ್ಷದ ಕಡ್ಡಿಯ ತುದಿಯಲ್ಲೇ ಹಣ್ಣು ಬಿಡುತ್ತವೆ. ಚಳಿ ಕಡಿಮೆ ಇರುವ ಜಾಗಕ್ಕೆ ಇವೇ ಬೇಕು. 1969ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಬಿಡುಗಡೆಯಾದ ಹೆರಿಟೇಜ್, ಇಂಗ್ಲೆಂಡಿನ ಆಟಮ್ ಬ್ಲಿಸ್ ಈ ಗುಂಪಿನವು. ನರ್ಸರಿಯಲ್ಲಿ ತಳಿಯ ಹೆಸರು ಕೇಳಿ. ಸುಮ್ನೆ "ರಾಸ್ಪ್‌ಬೆರಿ" ಅಂತ ಚೀಟಿ ಅಂಟಿಸಿದ ಸಸಿ ತಂದರೆ ಎಲೆ ಮಾತ್ರ ನೋಡುತ್ತಾ ಕೂರಬೇಕಾದೀತು.

ಮಣ್ಣು ಸ್ವಲ್ಪ ಹುಳಿ ಇರಬೇಕು, ಪಿಎಚ್ 5.6ರಿಂದ 6.2ರ ಒಳಗಿದ್ದರೆ ಚೆನ್ನ. ಖಾನಾಪುರ ಕಡೆಯ ಕೆಂಪು ಮಣ್ಣು ಹೊಂದುತ್ತದೆ. ಎರೆ ಭೂಮಿ ಬೇಡವೇ ಬೇಡ. ಅದರಲ್ಲಿ ನೀರು ನಿಲ್ಲುತ್ತದೆ, ಬೇರು ಕೊಳೆಯುತ್ತದೆ, ಸುಣ್ಣದ ಅಂಶ ಜಾಸ್ತಿ ಇರುವುದರಿಂದ ಗಿಡಕ್ಕೆ ಕಬ್ಬಿಣ ಸಿಗದೆ ಎಲೆ ಹಳದಿಯಾಗುತ್ತದೆ. ಇನ್ನೊಂದು ಮಾತು, ಆಲೂಗಡ್ಡೆ, ಟೊಮ್ಯಾಟೊ, ಬದನೆ, ಮೆಣಸಿನಕಾಯಿ ಬೆಳೆದ ಜಾಗದಲ್ಲಿ ಹಾಕಬೇಡಿ. ಆ ಬೆಳೆಗಳ ಸೊರಗು ರೋಗ ಮಣ್ಣಲ್ಲಿ ವರ್ಷಗಟ್ಟಲೆ ಉಳಿದು ಇದಕ್ಕೂ ಹತ್ತುತ್ತದೆ. ನಮ್ಮ ಭಾಗದಲ್ಲಿ ಆಲೂಗಡ್ಡೆ ಹಾಕದ ಹೊಲ ಹುಡುಕುವುದು ಕಷ್ಟ, ಅಲ್ವಾ? ಹಾಗಾಗಿ ನಾನು ಡ್ರಮ್ ಅನ್ನೇ ಹೇಳುತ್ತೇನೆ. 200 ಲೀಟರಿನ ಡ್ರಮ್ ಅಡ್ಡ ಕೊಯ್ದು ಅರ್ಧ ಮಾಡಿ, ತಳಕ್ಕೆ ಧಾರಾಳವಾಗಿ ತೂತು ಹಾಕಿ, ಕೆಂಪು ಮಣ್ಣು, ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ, ಸ್ವಲ್ಪ ಮರಳು ಕಲಸಿ ತುಂಬಿ. ಒಂದು ಅರ್ಧಕ್ಕೆ ಒಂದು, ಹೆಚ್ಚೆಂದರೆ ಎರಡು ಸಸಿ. ನೆಲದಲ್ಲೇ ಹಾಕುವವರು ಏರು ಮಡಿ ಮಾಡಿ, ಎರಡೆರಡು ಅಡಿಗೆ ಒಂದು ಸಸಿ ಇಡಿ.

ಸಸಿ ನೆಡಲು ಮಳೆ ನಿಂತ ಮೇಲಿನ ಅಕ್ಟೋಬರ್ ಒಳ್ಳೆಯದು. ಬೇರು ಮೇಲೆಯೇ ಹರಡುವುದರಿಂದ ಬುಡಕ್ಕೆ ಕಬ್ಬಿನ ರವದಿ ದಪ್ಪಗೆ ಹಾಸಿ, ಬುಡ ಕೆದಕಬೇಡಿ. ಮಾರ್ಚ್‌ನಿಂದ ಮೇ ತನಕ ಮಧ್ಯಾಹ್ನದ ಬಿಸಿಲು ತಡೆಯಲು ಶೇಡ್ ನೆಟ್ ಬೇಕು, ಡ್ರಮ್ಮಿಗೆ ದಿನಾ ನೀರು ಬೇಕು. ಬೋರಿನ ನೀರು ಸವಳಾಗಿದ್ದರೆ ಗಿಡ ತಡೆಯುವುದಿಲ್ಲ, ಎಲೆಯ ಅಂಚು ಸುಡುತ್ತದೆ.

ಈಗ ಕತ್ತರಿಯ ವಿಷಯ. ದ್ರಾಕ್ಷಿ ಬೆಳೆದವರಿಗೆ ಇದು ಬೇಗ ತಿಳಿಯುತ್ತದೆ. ವಿಜಯಪುರದ ತೋಟದಲ್ಲಿ ಏಪ್ರಿಲ್ ಚಾಟ್ನಿ, ಅಂದರೆ ಕಡ್ಡಿ ಕತ್ತರಿಸುವುದು, ಹೊಸ ಕಡ್ಡಿ ಬರಲಿ ಅಂತ, ಅಕ್ಟೋಬರ್ ಚಾಟ್ನಿ ಹಣ್ಣು ಬರಲಿ ಅಂತ. ನಾವು ಆರಿಸಿದ ತಳಿಗಳು ಮೊದಲ ವರ್ಷದ ಕಡ್ಡಿಯಲ್ಲೇ ಹಣ್ಣು ಬಿಡುವುದರಿಂದ ಇಲ್ಲಿ ಒಂದೇ ಚಾಟ್ನಿ ಸಾಕು, ಎಲ್ಲಾ ಕಡ್ಡಿಗಳನ್ನೂ ನೆಲದ ಮಟ್ಟಕ್ಕೆ ಕತ್ತರಿಸಿಬಿಡುವುದು. ಚಳಿ ದೇಶಗಳಲ್ಲಿ ಇದನ್ನು ಚಳಿಗಾಲದ ಕೊನೆಗೆ ಮಾಡುತ್ತಾರೆ. ನಾವೂ ಹಾಗೇ ಫೆಬ್ರವರಿಯಲ್ಲಿ ಕತ್ತರಿಸಿದರೆ ಹೊಸ ಚಿಗುರು ಬೇಸಿಗೆಗೆ ಸಿಕ್ಕಿ, ಹೂವು ಹಣ್ಣು ಎಲ್ಲ ಜೋರು ಮಳೆಯಲ್ಲಿ ಬೂಸು ಹಿಡಿಯುತ್ತವೆ. ಮಿರಗದ ಮಳೆ ಶುರುವಾದ ಮೇಲೆ, ಜೂನ್ ಕೊನೆಯ ಹೊತ್ತಿಗೆ ಕತ್ತರಿಸುವುದು ನನಗೆ ಸರಿ ಅನ್ನಿಸುತ್ತದೆ. ಚಿಗುರಿನಿಂದ ಹಣ್ಣಿಗೆ ನಾಲ್ಕೈದು ತಿಂಗಳು ಹಿಡಿಯುತ್ತದೆ, ಅಂದರೆ ಮಳೆ ಹಿಂದೆ ಸರಿದು ತಂಪು ಬೀಳುವ ನವೆಂಬರ್ ಸುಮಾರಿಗೆ ಹಣ್ಣು. ಕತ್ತರಿಸಿದ ಕೂಡಲೇ ಎರೆಹುಳು ಗೊಬ್ಬರ ಕೊಡಿ. ಬಂದ ಮರಿಗಳಲ್ಲಿ ದಪ್ಪನೆಯ ಐದಾರನ್ನು ಬಿಟ್ಟು ಉಳಿದವನ್ನು ತೆಗೆಯಿರಿ, ಗಾಳಿ ಆಡಲಿ. ಆಧಾರಕ್ಕೆ ಎರಡು ಗೂಟ, ಎರಡು ಸಾಲು ತಂತಿ.

ಪರಾಗಕ್ಕೆ ಬೇರೆ ಗಿಡ ಬೇಡ, ಆದರೆ ಜೇನುನೊಣ ಬಂದರೆ ಹಣ್ಣು ತುಂಬಿಕೊಂಡು ಬರುತ್ತದೆ. ಹೂವಿದ್ದಾಗ ಔಷಧಿ ಹೊಡೆಯಬೇಡಿ. ಹಕ್ಕಿಗಳಿಗೆ ಬಲೆ ಕಟ್ಟಿ.

ಕೊಯ್ಯುವುದಕ್ಕೆ ಆತುರ ಬೇಡ. ಕಿತ್ತ ಮೇಲೆ ಈ ಹಣ್ಣು ಮಾಗುವುದಿಲ್ಲ. ಪೂರ್ತಿ ಕೆಂಪಾಗಿ, ಮೆಲ್ಲಗೆ ಎಳೆದರೆ ಬಿಳಿ ದಿಂಡು ಗಿಡದಲ್ಲೇ ಉಳಿದು ಹಣ್ಣು ಟೋಪಿ ಥರ ಕೈಗೆ ಬಂದರೆ ಅದು ಹಣ್ಣಾಗಿದೆ. ಜೋರು ಮಾಡಬೇಕಾಯಿತು ಅಂದರೆ ಬಿಡಿ, ನಾಳೆ ನೋಡಿ. ಎರಡು ದಿನಕ್ಕೊಮ್ಮೆ, ಬೆಳಗ್ಗೆ ಇಬ್ಬನಿ ಆರಿದ ಮೇಲೆ ಕೊಯ್ದು ಅಗಲವಾದ ತಟ್ಟೆಯಲ್ಲಿ ಒಂದೇ ಪದರ ಇಡಿ. ತಿನ್ನುವ ಹೊತ್ತಿಗೆ ಮಾತ್ರ ತೊಳೆಯಿರಿ, ಮೊದಲೇ ತೊಳೆದರೆ ಬೂಸು ಬರುತ್ತದೆ. ಫ್ರಿಜ್‌ನಲ್ಲಿ ಎರಡು ಮೂರು ದಿನ ಅಷ್ಟೇ. ಜಾಸ್ತಿ ಬಂದರೆ ತಟ್ಟೆಯಲ್ಲಿ ಬಿಡಿಬಿಡಿಯಾಗಿ ಫ್ರೀಜರಿಗೆ ಇಟ್ಟು, ಗಟ್ಟಿಯಾದ ಮೇಲೆ ಡಬ್ಬಿಗೆ ಹಾಕಿ.

ವಿಜಯಪುರ, ಬಾಗಲಕೋಟೆಯವರು ಇದರ ಬದಲು ಹಿಪ್ಪುನೇರಳೆ ಹಾಕಿ. ಅಲ್ಲಿನ ಬಿಸಿಲಿಗೆ, ಮಣ್ಣಿಗೆ ಅದು ಒಗ್ಗುತ್ತದೆ, ರಾಸ್ಪ್‌ಬೆರಿ ಅಲ್ಲಿ ನರಳುತ್ತದೆ.

ತಿನ್ನುವುದಕ್ಕೆ ನನಗೆ ಇಷ್ಟವಾದದ್ದು ಶ್ರೀಖಂಡ. ಚಕ್ಕಾಕ್ಕೆ (ಬಟ್ಟೆಯಲ್ಲಿ ಕಟ್ಟಿ ನೀರು ಬಸಿದ ಮೊಸರು) ಸಕ್ಕರೆ, ಏಲಕ್ಕಿ ಹಾಕಿ ಎಂದಿನಂತೆ ಮಾಡಿ, ಹಣ್ಣನ್ನು ಚಮಚದಲ್ಲಿ ಸ್ವಲ್ಪ ಜಜ್ಜಿ ಬಡಿಸುವ ಹೊತ್ತಿಗೆ ಬೆರೆಸಿ. ಮೊದಲೇ ಬೆರೆಸಿದರೆ ನೀರು ಬಿಡುತ್ತದೆ. ಹಣ್ಣಿಗೇ ಹುಳಿ ಇರುವುದರಿಂದ ಚಕ್ಕಾ ಹುಳಿಯಾಗದ ತಾಜಾ ಮೊಸರಿನದಾಗಿರಲಿ.