ಅಕೌಸ್ಟಿಕ್ಸ್ ಪಾಠಕ್ಕೆ ಸಿಮ್ಯುಲೇಶನ್: ನಾನು ಮಾಡುವ ರೀತಿ

ಆರ್ಕಿಟೆಕ್ಚರ್ ಓದುವ ಮಕ್ಕಳಿಗೆ ಅಕೌಸ್ಟಿಕ್ಸ್, ಅಂದರೆ ಸದ್ದಿನ ವಿಜ್ಞಾನದ ಪಾಠ ಮಾಡುವುದು ನನ್ನ ಕೆಲಸ. ಬೋರ್ಡಿನ ಮೇಲೆ ಫಾರ್ಮುಲಾ ಬರೆದರೆ ಆಕಳಿಸುತ್ತಾರೆ. ಬಣ್ಣಬಣ್ಣದ ಸಿಮ್ಯುಲೇಶನ್ ತೋರಿಸಿದರೆ ಕಣ್ಣರಳಿಸಿ ನೋಡುತ್ತಾರೆ, ಆದರೆ ಪರದೆ ಹೇಳಿದ್ದಕ್ಕೆಲ್ಲ ತಲೆಯಾಡಿಸಿಬಿಡುತ್ತಾರೆ. ಅದಕ್ಕೇ ನನ್ನ ಕ್ಲಾಸಿನಲ್ಲಿ ಮೊದಲು ಅಂದಾಜು, ಆಮೇಲೆ ಸಾಫ್ಟ್‌ವೇರ್, ಕೊನೆಗೆ ಕಿವಿ.

ಶುರು ಮಾಡುವುದು ಪಾಲ್ ಫಾಲ್‌ಸ್ಟಾಡ್ ಅವರ ರಿಪಲ್ ಟ್ಯಾಂಕ್‌ನಿಂದ. ಅಲೆಗಳು ಹರಡುವುದನ್ನು ತೋರಿಸುವ ಸಿಮ್ಯುಲೇಶನ್ ಇದು; ಬ್ರೌಸರಿನಲ್ಲೇ ಓಡುತ್ತದೆ, ದುಡ್ಡು ಕೊಡಬೇಕಿಲ್ಲ. ನಡುವೆ ಒಂದು ಕಂಬ ಬರೆದು, ಆವೃತ್ತಿ (ಫ್ರೀಕ್ವೆನ್ಸಿ) ಕಡಿಮೆ ಇಟ್ಟರೆ ಅಲೆ ಕಂಬವನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಬಳಸಿಕೊಂಡು ಹೋಗುತ್ತದೆ. ಜಾಸ್ತಿ ಮಾಡುತ್ತಾ ಹೋದ ಹಾಗೆ ಕಂಬದ ಹಿಂದೆ ನೆರಳು ಬೀಳುತ್ತದೆ. ಆಗ ಲೆಕ್ಕ ಮಾಡಿಸುತ್ತೇನೆ: 100 ಹರ್ಟ್ಸ್ ಸದ್ದಿನ ಅಲೆ ಸುಮಾರು 3.4 ಮೀಟರ್ ಉದ್ದ, 4,000 ಹರ್ಟ್ಸಿನದು ಬರೀ 8.5 ಸೆಂಟಿಮೀಟರ್. ಕಲ್ಯಾಣ ಮಂಟಪದಲ್ಲಿ ದಪ್ಪ ಕಂಬದ ಹಿಂದೆ ಕೂತವರಿಗೆ ಡೋಲು ಚೆನ್ನಾಗಿ ಕೇಳಿಸಿ, ಮಾತಿನ ಸ, ಶ, ಚ ಮಾತ್ರ ಮಂಕಾಗುವುದು ಯಾಕೆ ಅಂತ ಅಲ್ಲಿಗೆ ಅವರೇ ಹೇಳುತ್ತಾರೆ.

ಸ್ಥಾಯಿ ತರಂಗವೂ (ಹೋಗುವ ಅಲೆ, ವಾಪಸ್ ಬರುವ ಅಲೆ ಸೇರಿ ಒಂದೇ ಜಾಗದಲ್ಲಿ ನಿಂತಂತಿರುವ ಅಲೆ) ಹಾಗೇ. ಪರದೆ ಮೇಲೆ ನೋಡಿದ ಮೇಲೆ ಸ್ಪೀಕರನ್ನು ಗೋಡೆಗೆ ಮುಖ ಮಾಡಿಟ್ಟು 500 ಹರ್ಟ್ಸ್ ಸದ್ದು ಹಾಕುತ್ತೇನೆ. ಒಂದು ಕಿವಿ ಮುಚ್ಚಿಕೊಂಡು ಇನ್ನೊಂದನ್ನು ಗೋಡೆಯಿಂದ ನಿಧಾನಕ್ಕೆ ಹಿಂದೆ ತಂದರೆ, ಸುಮಾರು 17 ಸೆಂಟಿಮೀಟರಿನಲ್ಲಿ ಸದ್ದು ಥಟ್ಟನೆ ಕುಗ್ಗುತ್ತದೆ. ಎಲ್ಲರೂ ಗೋಡೆಗೆ ಕಿವಿ ಕೊಟ್ಟು ನಿಂತಿರುವುದನ್ನು ಹೊರಗಿನವರು ನೋಡಿದರೆ ಏನಂದುಕೊಳ್ಳುತ್ತಾರೋ!

ಆಮೇಲೆ ಐ-ಸಿಂಪಾ, ರೂಮಿನಲ್ಲಿ ಸದ್ದು ಹರಡುವುದನ್ನು ಲೆಕ್ಕ ಹಾಕುವ ಸಾಫ್ಟ್‌ವೇರ್. ಇದೂ ಉಚಿತ. ಉದಾಹರಣೆಗೆ 9 ಮೀಟರ್ ಉದ್ದ, 7 ಅಗಲ, 3.5 ಎತ್ತರದ ಖಾಲಿ ರೂಮು. ಪ್ಲಾಸ್ಟರ್ ಗೋಡೆ, ಸಿಮೆಂಟ್ ನೆಲ, ಮೇಲ್ಮೈಗಳು ಸರಾಸರಿ ನೂರಕ್ಕೆ 3ರಷ್ಟು ಸದ್ದು ಹೀರುತ್ತವೆ ಅಂದುಕೊಳ್ಳೋಣ. ರೂಮಿನ ಗಾತ್ರ ಮತ್ತು ಸದ್ದು ಹೀರುವಿಕೆಯಿಂದ ಲೆಕ್ಕ ಹಾಕುವ ಸಬೀನ್ ಸೂತ್ರದ ಪ್ರಕಾರ ಅನುರಣನ (ಸದ್ದು ನಿಲ್ಲಿಸಿದ ಮೇಲೂ ರೂಮಿನಲ್ಲಿ ಉಳಿಯುವ ಗುಂಗು) ಸುಮಾರು 5 ಸೆಕೆಂಡ್. 7 ಚದರ ಮೀಟರಿನಷ್ಟು ಕಿಟಕಿ ತೆರೆದರೆ ಎಷ್ಟಾಗಬಹುದು? ಅಷ್ಟರಿಂದ ಏನಾಗುತ್ತೆ ಸರ್ ಅನ್ನುವವರೇ ಹೆಚ್ಚು. ಉತ್ತರ ಎರಡೂವರೆ ಸೆಕೆಂಡ್, ಅರ್ಧಕ್ಕರ್ಧ! ತೆರೆದ ಕಿಟಕಿಯಿಂದ ಹೊರಗೆ ಹೋದ ಸದ್ದು ವಾಪಸ್ ಬರುವುದಿಲ್ಲ ಅಲ್ವಾ. ಹಾರ್ವರ್ಡಿನ ವಾಲೇಸ್ ಸಬೀನ್ 1895ರಲ್ಲಿ ಶುರುಮಾಡಿದ ಪ್ರಯೋಗಗಳಲ್ಲಿ ಕುರ್ಚಿಯ ದಿಂಬುಗಳನ್ನು ಹೊತ್ತು ತಂದು ಅಳೆದರು, ಕೊನೆಗೆ ಅಳತೆಗೋಲು ಮಾಡಿಕೊಂಡದ್ದು ಈ ತೆರೆದ ಕಿಟಕಿಯನ್ನೇ. ಇನ್ನು 50 ಜನ ಬಂದು ಕೂತರೆ ಅನುರಣನ ಒಂದು ಸೆಕೆಂಡಿನ ಆಸುಪಾಸಿಗೆ ಇಳಿಯುತ್ತದೆ.

ಒಂದು ವಿಷಯ ಮಾತ್ರ ಒತ್ತಿ ಹೇಳುತ್ತೇನೆ. ಐ-ಸಿಂಪಾ ಲೆಕ್ಕ ಹಾಕುವುದು ಗೋಡೆಯಿಂದ ಗೋಡೆಗೆ ಹಾರುವ ಕಣಗಳನ್ನು, ಅಲೆಗಳನ್ನಲ್ಲ. 4 ಮೀಟರ್ ಉದ್ದದ ಹೋಮ್ ಸ್ಟುಡಿಯೋದಲ್ಲಿ 43 ಹರ್ಟ್ಸ್ ಹತ್ತಿರ ಬಾಸ್ (ತಗ್ಗಿನ ಸದ್ದು) ಸ್ಥಾಯಿ ತರಂಗವಾಗಿ ಗುಂಯ್‌ಗುಡುವುದು ಅದಕ್ಕೆ ಕಾಣುವುದೇ ಇಲ್ಲ. ಚಿಕ್ಕ ರೂಮು ಡಿಸೈನ್ ಮಾಡುವವರನ್ನು ಮತ್ತೆ ರಿಪಲ್ ಟ್ಯಾಂಕಿಗೇ ಕಳಿಸುತ್ತೇನೆ.