ಇಂಟರ್‌ಲಾಕ್ ಅಂಗಳ: ಪಾಚಿ ಹೋಗಲಿ, ಸಂದಿನ ಮರಳು ಉಳಿಯಲಿ

ಮಳೆಗಾಲ ಕಳೆಯುವ ಹೊತ್ತಿಗೆ ಕಾರವಾರದಿಂದ ಭಟ್ಕಳದವರೆಗೆ, ಘಟ್ಟ ಹತ್ತಿದರೆ ಶಿರಸಿ, ಸಿದ್ದಾಪುರದವರೆಗೂ ಇಂಟರ್‌ಲಾಕ್ (ಒಂದಕ್ಕೊಂದು ಹೊಂದಿಸಿ ಹಾಸುವ ಸಿಮೆಂಟ್ ಕಲ್ಲು) ಹಾಕಿದ ಅಂಗಳಗಳದ್ದೆಲ್ಲ ಒಂದೇ ಅವಸ್ಥೆ. ಗೇಟಿನಿಂದ ಮೆಟ್ಟಿಲವರೆಗೆ ಹಸಿರು ಲೋಳೆ, ಕಂಪೌಂಡ್ ಗೋಡೆಯ ಬುಡದಲ್ಲಿ ಕಪ್ಪು, ಸಂದುಗಳಲ್ಲಿ ಹುಲ್ಲು. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ನಾಲ್ಕು ತಿಂಗಳು ಒಣಗದ ಸಿಮೆಂಟ್ ಕಲ್ಲಿನ ಮೇಲೆ ಪಾಚಿ ಬೆಳೆಯುವುದು ಸಹಜ. ಅದನ್ನು ತೆಗೆಯುವುದೂ ದೊಡ್ಡ ಕೆಲಸವಲ್ಲ. ತೆಗೆಯುವ ಭರದಲ್ಲಿ ಅಂಗಳವನ್ನೇ ಸಡಿಲ ಮಾಡಿಕೊಳ್ಳುವವರು ಬಹಳ ಮಂದಿ. ಈ ಲೇಖನ ಬರೆಯುತ್ತಿರುವುದು ಅದಕ್ಕಾಗಿ.

ಇಂಟರ್‌ಲಾಕ್ ಕಲ್ಲಿನ ಕೆಳಗೆ ಗಾರೆ ಇರುವುದಿಲ್ಲ. ಧಮ್ಮಸು ಮಾಡಿದ ಜಲ್ಲಿ, ಅದರ ಮೇಲೆ ಒಂದು ಒಂದೂವರೆ ಇಂಚು ಮರಳು, ಅದರ ಮೇಲೆ ಕಲ್ಲು. ಮನೆಯಂಗಳಕ್ಕಾದರೆ ಸಾಮಾನ್ಯವಾಗಿ 60 ಮಿ.ಮೀ. ದಪ್ಪದ್ದು, ಲಾರಿ ಓಡಾಡುವ ಕಡೆ 80 ಮಿ.ಮೀ.ಯದ್ದು. ಕಲ್ಲಿಗೂ ಕಲ್ಲಿಗೂ ನಡುವೆ 2ರಿಂದ 4 ಮಿ.ಮೀ. ಸಂದು, ಅದರ ತುಂಬ ಸಣ್ಣ ಮರಳು. ಕಾರಿನ ಚಕ್ರ ಒಂದು ಕಲ್ಲಿನ ಮೇಲೆ ನಿಂತಾಗ ಆ ಭಾರವನ್ನು ಅಕ್ಕಪಕ್ಕದ ಕಲ್ಲುಗಳಿಗೆ ಹಂಚುವುದು ಈ ಮರಳು. ಅದು ಕೊಚ್ಚಿಹೋದರೆ ಕಲ್ಲು ಅಲುಗಾಡುತ್ತದೆ, ಸಂದಿನಲ್ಲಿ ನೀರು ನುಗ್ಗಿ ಅಡಿಯ ಮರಳನ್ನೂ ಎಳೆದೊಯ್ಯುತ್ತದೆ, ಕೊನೆಗೆ ಕಾರು ನಿಲ್ಲುವ ಜಾಗದಲ್ಲಿ ಎರಡು ಉದ್ದನೆಯ ತಗ್ಗು ಬೀಳುತ್ತವೆ. ಹಾಗಾಗಿ ತೊಳೆಯುವ ಮೊದಲು ಒಂದು ತೆಂಗಿನ ಹಿಡಿಕಡ್ಡಿ ಹಿಡಿದು ಅಂಗಳದ ಐದಾರು ಕಡೆ ಸಂದಿನಲ್ಲಿ ಇಳಿಸಿ ನೋಡಿ. ಅರ್ಧ ಸೆಂ.ಮೀ. ಒಳಗೆ ಮರಳು ತಾಗಿದರೆ ಚಿಂತೆಯಿಲ್ಲ. ಬೆರಳಿನ ಒಂದು ಗೆಣ್ಣಿನಷ್ಟು ಸಲೀಸಾಗಿ ಇಳಿದರೆ ಈ ವರ್ಷ ಮರಳು ತುಂಬುವುದೇ ಮುಖ್ಯ ಕೆಲಸ, ತೊಳೆಯುವುದು ಅದಕ್ಕೆ ತಯಾರಿ ಅಷ್ಟೇ.

ಎರಡು ಕೆಲಸ, ಎರಡು ಹವೆ

ಪಾಚಿ ಉಜ್ಜಲು ಅಂಗಳ ಹಸಿಯಾಗಿರಬೇಕು. ಮರಳು ತುಂಬಲು ಅಂಗಳ ಪೂರ್ತಿ ಒಣಗಿರಬೇಕು. ಎರಡನ್ನೂ ಒಂದೇ ಭಾನುವಾರ ಮುಗಿಸಲು ಹೋಗಬೇಡಿ. ನವರಾತ್ರಿಯ ಆಸುಪಾಸು, ಮಳೆ ಬಿಟ್ಟು ಬಿಟ್ಟು ಬರುತ್ತಿರುವಾಗ ಉಜ್ಜುವ ಕೆಲಸ ಮಾಡಿ. ಪಾಚಿ ಮೆತ್ತಗಿರುತ್ತದೆ, ಬಾವಿಯಲ್ಲಿ ನೀರೂ ತುಂಬಿರುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ, ಬಾವಿ ತಳ ಕಾಣುವ ಹೊತ್ತಿನಲ್ಲಿ, ಅಂಗಳ ತೊಳೆಯಲು ನೀರು ಸುರಿಯುವುದು ಸರಿಯಲ್ಲ ಎಂದು ನನ್ನ ಖಚಿತ ಅಭಿಪ್ರಾಯ. ಅಷ್ಟು ಹೊತ್ತಿಗೆ ಪಾಚಿ ಒಣಗಿ ಕಲ್ಲಿಗೆ ಕಚ್ಚಿಕೊಂಡಿರುವುದರಿಂದ ಉಜ್ಜುವ ಶ್ರಮವೂ ಹೆಚ್ಚು. ಮರಳನ್ನು ಮಾತ್ರ ತುಳಸಿ ಮದುವೆಯ ಹೊತ್ತಿಗೆ ತುಂಬಿ. ಅಕ್ಟೋಬರ್‌ನ ಸಂಜೆ ಗುಡುಗು ಸಹಿತ ಬರುವ ಮಳೆ ಹೊಸದಾಗಿ ತುಂಬಿದ ಮರಳನ್ನು ಒಂದೇ ಗಂಟೆಯಲ್ಲಿ ಗಟಾರಕ್ಕೆ ಹೊತ್ತೊಯ್ಯಬಲ್ಲದು.

ಮೊದಲು ಗುಡಿಸಿ, ಕಳೆ ಕೀಳಿ

ಕಾರು, ಬೈಕು, ಹೂವಿನ ಕುಂಡ ಎಲ್ಲ ಸರಿಸಿ, ಕಡ್ಡಿಯ ಪೊರಕೆಯಿಂದ ದರಕು, ಮಣ್ಣು ಪೂರ್ತಿ ಗುಡಿಸಿ. ಸಂದಿನಲ್ಲಿ ಬೆಳೆಯುವ ಹೆಚ್ಚಿನ ಕಳೆ ಅಡಿಯಿಂದ ಬರುವುದಲ್ಲ. ಕೊಳೆತ ಎಲೆಯ ಪುಡಿ ಸಂದಿನ ಮೇಲ್ಭಾಗದಲ್ಲಿ ಕೂತು ಗೊಬ್ಬರವಾಗಿ, ಅದರಲ್ಲಿ ಗಾಳಿಗೆ ಬಂದ ಬೀಜ ಮೊಳೆಯುತ್ತದೆ. ನೆಲನೆಲ್ಲಿ, ಹುಳಿಸೊಪ್ಪಿನಂಥವು ಹಸಿಯಿರುವಾಗ ಬೇರು ಸಮೇತ ಬರುತ್ತವೆ. ಗರಿಕೆ ಹಾಗಲ್ಲ, ಅಂಚಿನಿಂದ ಬಳ್ಳಿ ಬಿಟ್ಟು ಒಳಗೆ ಬರುತ್ತದೆ. ಅಂಚಿನಲ್ಲೇ ಕತ್ತರಿಸಿ, ಗಂಟುಗಳನ್ನು ಹಳೆಯ ಚಾಕುವಿನ ತುದಿಯಿಂದ ಎಬ್ಬಿಸಿ ತೆಗೆಯಬೇಕು. ತೆಗೆಯಲಾಗದ ಬೇರಿಗೆ ಬಚ್ಚಲ ಹಂಡೆಯಲ್ಲಿ ಮರಳಿಸಿದ ನೀರನ್ನು ನೇರವಾಗಿ ಹೊಯ್ಯಿರಿ. ಎರಡು-ಮೂರು ದಿನ ಬಿಟ್ಟು ಮತ್ತೊಮ್ಮೆ ಹೊಯ್ದರೆ ಸಾಯುತ್ತದೆ. ಕುದಿವ ನೀರು ಹೊತ್ತು ಪಾಚಿಯ ಮೇಲೆ ನಡೆಯುವಾಗ ಜಾರದಂತೆ ಜಾಗ್ರತೆ, ಮಕ್ಕಳನ್ನು ಒಳಗೆ ಕಳಿಸಿ.

ಕಳೆಗೆ ಉಪ್ಪು ಹಾಕುವ ರೂಢಿ ಕೆಲವೆಡೆ ಇದೆ. ದಯವಿಟ್ಟು ಬಿಡಿ. ಉಪ್ಪು ಗಾಳಿಯ ತೇವ ಎಳೆದುಕೊಂಡು ಸಂದನ್ನು ಸದಾ ಹಸಿಯಾಗಿಡುತ್ತದೆ, ಕಲ್ಲಿನ ಮೇಲೆ ಬಿಳಿ ಪೊರೆ ಬಿಡುತ್ತದೆ, ಮಳೆಯಲ್ಲಿ ಕರಗಿ ತೆಂಗಿನ ಬುಡಕ್ಕೋ ಬಾವಿಗೋ ಸೇರುತ್ತದೆ. ಕಳೆನಾಶಕದ ಮಾತೂ ಅಷ್ಟೇ. ಅಂಗಳದ ಪಕ್ಕದಲ್ಲೇ ತೆರೆದ ಬಾವಿ ಇರುವ ನಮ್ಮ ಮನೆಗಳಿಗೆ ಅದು ಹೇಳಿ ಮಾಡಿಸಿದ್ದಲ್ಲ.

ಉಜ್ಜುವುದು

ಮನೆಯಲ್ಲಿ ವಯಸ್ಸಾದವರಿದ್ದರೆ ತುಳಸಿಕಟ್ಟೆಗೆ, ಬಾವಿಕಟ್ಟೆಗೆ ಹೋಗುವ ದಾರಿಯಿಂದ ಶುರುಮಾಡಿ. ಪಾಚಿಯ ಮೇಲೆ ಜಾರಿ ಸೊಂಟ ಮುರಿದುಕೊಂಡ ಹಿರಿಯರು ಯಾವ ಊರಿನಲ್ಲಿಲ್ಲ! ಉಳಿದ ಭಾಗ ಮರುದಿನಕ್ಕಿರಲಿ.

ಉದ್ದ ಹಿಡಿಯ ಗಟ್ಟಿ ಪ್ಲಾಸ್ಟಿಕ್ ಬ್ರಷ್ ಅಥವಾ ನಾರಿನ ಬ್ರಷ್ ಸಾಕು. ತಂತಿ ಬ್ರಷ್ ಬೇಡ: ಕಲ್ಲಿಗೆ ಗೀರು ಬೀಳುತ್ತದೆ, ಮುರಿದ ತಂತಿಯ ಚೂರು ಸಂದಿನಲ್ಲಿ ಉಳಿದು ಉಪ್ಪುಗಾಳಿಗೆ ತುಕ್ಕು ಹಿಡಿದು ಕೆಂಪು ಚುಕ್ಕೆ ಮಾಡುತ್ತದೆ. ಅಂಗಳದ ಎತ್ತರದ ಕಡೆಯಿಂದ ಇಳಿಜಾರಿನತ್ತ, ಎರಡು ಮಾರು ಅಗಲದ ಪಟ್ಟಿಯಂತೆ ಬನ್ನಿ. ನೀರು ಹಾಕಿ, ಐದು ನಿಮಿಷ ನೆನೆಯಲು ಬಿಟ್ಟು, ಸಂದಿಗೆ ಓರೆಯಾಗಿ ಉಜ್ಜಿ. ಸಂದಿನ ಗುಂಟವೇ ಉಜ್ಜಿದರೆ ಮರಳು ಎದ್ದು ಬರುತ್ತದೆ. ಹಸಿರು ಪಾಚಿ ಇಷ್ಟಕ್ಕೇ ಹೋಗುತ್ತದೆ. ಸಂದಿನಲ್ಲಿ ಮೆತ್ತೆಯಂತೆ ಬೆಳೆದ ಹಾವಸೆಯನ್ನು ಚಾಕುವಿನಿಂದ ಕೆರೆದು ತೆಂಗಿನ ಬುಡಕ್ಕೆ ಹಾಕಿ.

ಕಪ್ಪು ಕಲೆ ಮತ್ತು ಬೂದುಬಣ್ಣದ ಗುಂಡನೆಯ ಮಚ್ಚೆ ಬ್ರಷ್‌ಗೆ ಜಗ್ಗುವುದಿಲ್ಲ. ಆ ಮಚ್ಚೆ ಕಲ್ಲುಹೂವಿನ ಜಾತಿಯದು, ಕಲ್ಲಿನ ರಂಧ್ರದೊಳಗೇ ಬೇರೂರಿರುತ್ತದೆ. ಇದಕ್ಕೆ ಬ್ಲೀಚಿಂಗ್ ಪೌಡರ್ ಬೇಕು. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ 10 ಲೀಟರ್ ನೀರಿಗೆ 200ರಿಂದ 300 ಗ್ರಾಂ ಪೌಡರ್ ಕಲಸಿ, ಅರ್ಧ ಗಂಟೆ ಬಿಟ್ಟು, ಮೇಲಿನ ತಿಳಿಯನ್ನಷ್ಟೇ ಬಳಸಿ. ತಳದ ಗಷ್ಟು ಸುಣ್ಣ, ಅದು ಬಿದ್ದಲ್ಲಿ ಬಿಳಿ ಕಲೆ. ತೆರೆದಿಟ್ಟ ಪೊಟ್ಟಣ ನಮ್ಮ ತೇವದ ಹವೆಗೆ ಬೇಗ ಸತ್ವ ಕಳೆದುಕೊಳ್ಳುತ್ತದೆ, ಹೊಸದನ್ನೇ ತನ್ನಿ. ಮೋಡದ ಬೆಳಗ್ಗೆ ಮಗ್ಗಿನಿಂದ ಕಲೆಯ ಮೇಲಷ್ಟೇ ಹಾಕಿ, ಒಣಗಲು ಬಿಡದೆ ಹದಿನೈದು ನಿಮಿಷ ಬಿಟ್ಟು ಉಜ್ಜಿ, ಚೆನ್ನಾಗಿ ತೊಳೆಯಿರಿ. ಕೈಗೆ ರಬ್ಬರ್ ಗ್ಲೌಸ್, ಮುಖಕ್ಕೆ ಬಟ್ಟೆ ಇರಲಿ. ಬಣ್ಣದ ಕಲ್ಲಾದರೆ ಮೂಲೆಯಲ್ಲಿ ಒಂದು ಕಲ್ಲಿನ ಮೇಲೆ ಪರೀಕ್ಷಿಸಿ. ನೀರು ಬಾವಿಯ ಕಡೆಗೆ, ಗಿಡದ ಪಾತಿಗೆ ಹರಿಯದಂತೆ ಮಣ್ಣಿನ ಸಣ್ಣ ಕಟ್ಟೆ ಕಟ್ಟಿಕೊಳ್ಳಿ.

ಆಸಿಡ್ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ಟಾಯ್ಲೆಟ್ ತೊಳೆಯುವ ಆಸಿಡ್ ಸುರಿದರೆ ಅಂಗಳ ನೊರೆಯೆದ್ದು ಫಳಫಳ ಎನ್ನುವುದು ನಿಜ. ಆ ನೊರೆ ಕಲ್ಲಿನ ಸಿಮೆಂಟೇ ಕರಗುತ್ತಿರುವ ಲಕ್ಷಣ. ಮೇಲಿನ ನುಣುಪು ಹೋಗಿ ಒಳಗಿನ ಜಲ್ಲಿ ಕಾಣುತ್ತದೆ, ಬಣ್ಣ ಮಾಸುತ್ತದೆ, ಒರಟಾದ ಕಲ್ಲಿಗೆ ಮುಂದಿನ ಮಳೆಗಾಲದಲ್ಲಿ ಪಾಚಿ ಇನ್ನೂ ಬೇಗ ಹಿಡಿಯುತ್ತದೆ. ಬ್ಲೀಚಿಂಗ್ ಪೌಡರ್ ಹಾಕಿದ ಜಾಗಕ್ಕೆ ಆಸಿಡ್ ಬಿದ್ದರಂತೂ ಕ್ಲೋರಿನ್ ಅನಿಲ ಏಳುತ್ತದೆ. ಅದು ಪ್ರಾಣಕ್ಕೇ ಅಪಾಯ.

ಪ್ರೆಷರ್ ವಾಷರ್ ಇದ್ದವರಿಗೆ: ಬೈಕು ತೊಳೆಯಲೆಂದು ತಂದ ಯಂತ್ರವನ್ನು ಅಂಗಳಕ್ಕೂ ಬಳಸಬಹುದು, ಆದರೆ ಬೀಸಣಿಗೆಯಂತೆ ಹರಡುವ ನಾಜಲ್‌ನಲ್ಲಿ ಮಾತ್ರ. ಕಲ್ಲಿನಿಂದ ಒಂದಡಿ ದೂರ, ಓರೆಯಾಗಿ ಹಿಡಿದು, ಸಂದಿಗೆ ಅಡ್ಡವಾಗಿ ಬೀಸುತ್ತ ಹೋಗಿ. ಸೂಜಿಯಂಥ ಧಾರೆಯನ್ನು ಸಂದಿಗೆ ಹಿಡಿದರೆ ಮರಳೆಲ್ಲ ಎದ್ದು ಗೋಡೆಗೆ ಸಿಡಿಯುತ್ತದೆ. ವಿದ್ಯುತ್ ಸಂಪರ್ಕಕ್ಕೆ ಅರ್ಥಿಂಗ್ ಸರಿಯಿರಬೇಕು, ಕಾಲಿಗೆ ರಬ್ಬರ್ ಚಪ್ಪಲಿ ಬೇಕು.

ಕಲೆಗಳು

ಬೈಕಿನಿಂದ ತೊಟ್ಟಿಕ್ಕಿದ ಆಯಿಲ್‌ಗೆ ನೀರು ಹಾಕಬೇಡಿ, ಹರಡುತ್ತದೆ. ಮರದ ಮಿಲ್ಲಿನ ಹೊಟ್ಟು ಅಥವಾ ಒಲೆಯ ಬೂದಿ ದಪ್ಪಕ್ಕೆ ಹರಡಿ, ಕಾಲಿನಿಂದ ತಿಕ್ಕಿ, ರಾತ್ರಿಯಿಡೀ ಬಿಟ್ಟು ಗುಡಿಸಿ. ಆಮೇಲೆ ಪಾತ್ರೆ ತೊಳೆಯುವ ಸೋಪು, ಬಿಸಿನೀರು, ಬ್ರಷ್. ಹಳೆಯ ಕಲೆ ಪೂರ್ತಿ ಹೋಗುವುದಿಲ್ಲ, ತಿಳಿಯಾಗುತ್ತದೆ.

ಘಟ್ಟದ ಮೇಲಿನವರಿಗೆ ಅಡಿಕೆಯ ಚೊಗರು (ಅಡಿಕೆ ಬೇಯಿಸಿದ ಕೆಂಪು ರಸ) ಬಿದ್ದ ಕೆಂಗಂದು ಕಲೆಯ ಕಾಟ. ಹಸಿಯಿದ್ದಾಗಲೇ ನೀರು ಹೊಡೆದರೆ ಅರ್ಧ ಹೋಗುತ್ತದೆ, ಉಳಿದದ್ದಕ್ಕೆ ಮೇಲೆ ಹೇಳಿದ ಬ್ಲೀಚಿಂಗ್ ತಿಳಿ. ಅದೇ ಅಂಗಳದಲ್ಲಿ ಅಡಿಕೆ ಒಣಗಿಸುವವರು ಒಂದೆರಡು ಬಾರಿ ಹೆಚ್ಚು ತೊಳೆದು, ಬಿಸಿಲಿಗೆ ಬಿಟ್ಟು, ಬಳಿಕವೇ ಹರಡಬೇಕು. ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ ಕಲಸಿದ ಜಾಗದಲ್ಲಿ ಮೈಲುತುತ್ತ, ಸುಣ್ಣ ಸೇರಿ ನೀಲಿ ಹಕ್ಕಳೆ ಕಟ್ಟಿರುತ್ತದೆ. ಅದನ್ನು ಒಣಗಿದ್ದಾಗ ಕೆರೆದು ಮೊರದಲ್ಲಿ ಎತ್ತಿ, ನೀರಿನಿಂದ ಬಾವಿಯತ್ತ ಕೊಚ್ಚಬೇಡಿ. ಮುಂದಿನ ಸಲ ಡ್ರಮ್ಮಿನ ಕೆಳಗೆ ತಾಡಪಾಲು ಹಾಸಿದರೆ ಈ ಕೆಲಸವೇ ಇಲ್ಲ.

ಹೊಸ ಅಂಗಳದಲ್ಲಿ ಕಾಣುವ ಬಿಳಿ ಪುಡಿ ಕೊಳೆಯಲ್ಲ. ಸಿಮೆಂಟಿನ ಸುಣ್ಣ ನೀರಿನೊಂದಿಗೆ ಮೇಲೆ ಬಂದು ಗಾಳಿಯ ಇಂಗಾಲದ ಡೈಆಕ್ಸೈಡ್ ಜೊತೆ ಸೇರಿ ಹಾಗಾಗುತ್ತದೆ. ಒಣ ಬ್ರಷ್ ಹಾಕಿ ಗುಡಿಸಿ. ಕಾಲ ಕಳೆದಂತೆ, ಮಳೆ ಬಿದ್ದಂತೆ ತಾನಾಗಿ ಕಡಿಮೆಯಾಗುತ್ತದೆ.

ಮರಳು ತುಂಬುವುದು

ಮೂರು-ನಾಲ್ಕು ದಿನ ಒಳ್ಳೆಯ ಬಿಸಿಲು ಬಿದ್ದ ಮೇಲೆ ಮಾತ್ರ ಈ ಕೆಲಸ. ಹೊಳೆಮರಳೋ ಎಂ-ಸ್ಯಾಂಡೋ, ಸಣ್ಣ ಜರಡಿಯಲ್ಲಿ ಗಾಳಿಸಿ, ತಾಡಪಾಲಿನ ಮೇಲೆ ಹರಡಿ ಒಣಗಿಸಿ. ಕೈಯಲ್ಲಿ ಹಿಡಿದು ಬಿಟ್ಟರೆ ಬೆರಳಿಗೆ ಅಂಟದೆ ಸುರಿಯಬೇಕು. ಸಮುದ್ರ ದಂಡೆಯ ಮರಳು ಎಷ್ಟೇ ಹತ್ತಿರವಿದ್ದರೂ ತರಬೇಡಿ, ಅದರ ಉಪ್ಪಿನಿಂದ ಮೇಲೆ ಹೇಳಿದ ತೊಂದರೆಯೆಲ್ಲ ಬರುತ್ತದೆ. ಸಂದು 3 ಮಿ.ಮೀ. ಇದ್ದು, ಮೇಲಿನ 2 ಸೆಂ.ಮೀ. ಖಾಲಿಯಾಗಿದೆ ಎಂದಿಟ್ಟುಕೊಂಡರೆ ಸಾವಿರ ಚದರಡಿ ಅಂಗಳಕ್ಕೆ ಸುಮಾರು ಮೂರು ಸಿಮೆಂಟ್ ಚೀಲದಷ್ಟು ಮರಳು ಹಿಡಿಯುತ್ತದೆ.

ಮರಳನ್ನು ಚೆಲ್ಲಿ, ಮೆತ್ತನೆಯ ಪೊರಕೆಯಿಂದ ಓರೆಯಾಗಿ ಆಚೀಚೆ ತಳ್ಳಿ. ಸಂದಿನ ಬಾಯಿಯಲ್ಲಿ ಮರಳು ಒಂದು ಕ್ಷಣ ತುಂಬಿ ನಿಲ್ಲುತ್ತದೆ. ಅಲ್ಲಿಗೆ ಮುಗಿಯಿತೆಂದುಕೊಳ್ಳಬೇಡಿ. ರಬ್ಬರ್ ಸುತ್ತಿಗೆಯಿಂದ ಕಲ್ಲಿನ ನಡುವೆ ಎರಡು ಪೆಟ್ಟು ಕೊಟ್ಟರೆ ಮರಳು ಜರ್ರನೆ ಕೆಳಗಿಳಿದು ಮತ್ತೆ ಕುಳಿ ಕಾಣುತ್ತದೆ. ಮತ್ತೆ ಗುಡಿಸಿ, ಮತ್ತೆ ತಟ್ಟಿ. ಮರಳು ಇಳಿಯುವುದು ನಿಂತಾಗ ಸಂದು ತುಂಬಿದ ಹಾಗೆ. ದೊಡ್ಡ ಅಂಗಳವಾದರೆ ಕಲ್ಲು ಹಾಕುವವರ ಬಳಿ ಇರುವ ಪ್ಲೇಟ್ ಕಂಪ್ಯಾಕ್ಟರ್ (ಅದುರಿಸಿ ಧಮ್ಮಸು ಮಾಡುವ ಯಂತ್ರ) ಬಾಡಿಗೆಗೆ ತರಿಸಿ, ಅಡಿಗೆ ರಬ್ಬರ್ ಹಾಳೆ ಕಟ್ಟಿಸಿ. ಹೆಚ್ಚಾದ ಮರಳು ಗುಡಿಸಿ ಚೀಲದಲ್ಲಿ ಎತ್ತಿಡಿ.

ಸಂದಿಗೆ ಸಿಮೆಂಟ್ ನೀರು ಹೊಯ್ದರೆ ಶಾಶ್ವತ ಎಂದು ಹೇಳುವ ಮೇಸ್ತ್ರಿಗಳಿದ್ದಾರೆ. ಒಪ್ಪಬೇಡಿ. ಕಲ್ಲು ಸ್ವಲ್ಪ ಅಲುಗಿದರೂ ಅದು ಬಿರುಕು ಬಿಡುತ್ತದೆ, ನೀರು ಇಂಗುವುದು ನಿಲ್ಲುತ್ತದೆ, ನಾಳೆ ಒಂದು ಪೈಪ್ ಹಾಕಲು ಕಲ್ಲೆಬ್ಬಿಸಬೇಕಾದರೆ ಒಡೆಯದೆ ಬರುವುದಿಲ್ಲ.

ಹಂಚಿನ ಮಾಡಿನ ಸೂರಿನಿಂದ ನೀರು ಬೀಳುವ ಗೆರೆಯಲ್ಲಿ ಮಾತ್ರ ಎಷ್ಟು ತುಂಬಿದರೂ ಮರಳು ನಿಲ್ಲದು. ಅಲ್ಲಿ ಸೂರಿಗೆ ಅರ್ಧ ಸೀಳಿದ ಪಿವಿಸಿ ಪೈಪ್ ಕಟ್ಟಿ ನೀರನ್ನು ಬದಿಗೆ ಇಳಿಸಿ, ಇಲ್ಲವೇ ಆ ಸಾಲಿನ ಕಲ್ಲು ತೆಗೆದು ಒಂದಡಿ ಅಗಲಕ್ಕೆ ದಪ್ಪ ಜಲ್ಲಿ ಹಾಕಿಬಿಡಿ. ಅಂಗಳದ ಮೇಲೆ ಬಾಗಿದ ಮಾವಿನ, ಹಲಸಿನ ಟೊಂಗೆಗಳನ್ನು ಮೇ ತಿಂಗಳಲ್ಲಿ ಸವರಿ ಬೆಳಕು ಬಿಟ್ಟರೆ ಪಾಚಿ ಅರ್ಧಕ್ಕರ್ಧ ಕಡಿಮೆ ಎಂದೇ ಹೇಳಬಹುದು. ಮರಳು ತುಂಬಿದ ಮೇಲೆ ಬರುವ ಮೊದಲ ಮಳೆಯ ಮರುದಿನ ಅದೇ ಹಿಡಿಕಡ್ಡಿ ಇಳಿಸಿ ನೋಡಿ, ಕುಸಿದ ಕಡೆ ಎತ್ತಿಟ್ಟ ಚೀಲದ ಮರಳನ್ನು ಒಣಗಿಸಿ ಹಾಕಿ.