ಸ್ಕಾಲರ್‌ಶಿಪ್ ಮಂಜೂರಾದರೂ ಖಾತೆಗೆ ಬರಲಿಲ್ಲ: ಕೊನೆಗೆ ಸರಿಹೋದದ್ದು ಹೀಗೆ

ಬಿ.ಕಾಂ. ಎರಡನೇ ವರ್ಷ. ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ತಾಣವಾದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಪೋಸ್ಟ್ ಮೆಟ್ರಿಕ್ ವಿದ್ಯಾರ್ಥಿವೇತನದ ಅರ್ಜಿ ಮಂಜೂರಾಗಿತ್ತು, ಖಾತೆಗೆ ಮಾತ್ರ ಹಣ ಇಲ್ಲ. ಆ ಸಲದ ಫೀಸನ್ನು ಸಾಲ ಮಾಡಿ ಕಟ್ಟಿದೆವು.

ಕಾಲೇಜು ಆಫೀಸಿಗೆ ಪಾಸ್‌ಬುಕ್ ಜೆರಾಕ್ಸ್ ಮತ್ತೆ ಕೊಟ್ಟೆ, ಪ್ರಯೋಜನವಾಗಲಿಲ್ಲ. ಬ್ಯಾಂಕಿನಲ್ಲಿ ಕೆವೈಸಿ ಹೊಸದಾಗಿ ಮಾಡಿಸಿದೆ, ಅದೂ ಆಗಲಿಲ್ಲ. ‘ಆಧಾರ್ ಲಿಂಕ್ ಆಗಿದೆ’ ಎಂದು ಕೌಂಟರ್‌ನಲ್ಲಿ ಎರಡು ಸಲ ಹೇಳಿದರು. ಅವರು ಹೇಳಿದ್ದು ಕೆವೈಸಿ ಲಿಂಕ್, ಅಂದರೆ ಗುರುತಿನ ದಾಖಲೆಯಾಗಿ ಖಾತೆಗೆ ಆಧಾರ್ ಸೇರಿಸಿರುವುದು. ಡಿಬಿಟಿ ಹಣ, ಅಂದರೆ ಸರ್ಕಾರ ನೇರವಾಗಿ ಖಾತೆಗೆ ಹಾಕುವ ಹಣ, ಬರಲು ಬೇಕಾದದ್ದು ಎನ್‌ಪಿಸಿಐ ಮ್ಯಾಪಿಂಗ್: ಬ್ಯಾಂಕುಗಳ ನಡುವಿನ ಪಾವತಿ ನಡೆಸುವ ಎನ್‌ಪಿಸಿಐ ಸಂಸ್ಥೆಯ ಪಟ್ಟಿಯಲ್ಲಿ ನಮ್ಮ ಆಧಾರ್‌ಗೆ ಬ್ಯಾಂಕನ್ನು ಜೋಡಿಸುವುದು. ಇದನ್ನೇ ಸೀಡಿಂಗ್ ಎಂದೂ ಕರೆಯುತ್ತಾರೆ. ಇವೆರಡೂ ಬೇರೆ ಬೇರೆ, ಎಡವಟ್ಟು ಆಗುವುದೇ ಇಲ್ಲಿ. ಒಂದು ಆಧಾರ್‌ಗೆ ಒಂದು ಸಮಯದಲ್ಲಿ ಒಂದೇ ಬ್ಯಾಂಕ್ ಮ್ಯಾಪ್ ಆಗಿರುತ್ತದೆ. ಹಣ ಹೋಗುವುದು ಅಲ್ಲಿಗೇ.

ಮೊದಲು ಮೈಆಧಾರ್ ವೆಬ್‌ಸೈಟಿಗೆ ಆಧಾರ್ ಸಂಖ್ಯೆ, ಓಟಿಪಿ ಹಾಕಿ ಲಾಗಿನ್ ಆಗಿ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ಒತ್ತಿ. ನನ್ನದರಲ್ಲಿ ಹೈಸ್ಕೂಲಿನಲ್ಲಿದ್ದಾಗ ತೆರೆದ, ವರ್ಷಗಳಿಂದ ಮುಟ್ಟದ ಖಾತೆಯ ಬ್ಯಾಂಕಿನ ಹೆಸರಿತ್ತು. ಅದರ ಸ್ಕ್ರೀನ್‌ಶಾಟ್ ಪ್ರಿಂಟ್ ತೆಗೆದುಕೊಂಡು ಈಗಿನ ಬ್ಯಾಂಕಿಗೆ ಹೋಗಿ, ‘ಆಧಾರ್ ಲಿಂಕ್ ಮಾಡಿ’ ಎನ್ನದೆ ‘ಡಿಬಿಟಿಗೆ ಎನ್‌ಪಿಸಿಐ ಸೀಡಿಂಗ್ ಫಾರಂ ಕೊಡಿ’ ಎಂದೇ ಕೇಳಿದೆ. ಫಾರಂನಲ್ಲಿ ಬೇರೆ ಬ್ಯಾಂಕಿನಿಂದ ಬದಲಾಯಿಸುವ ಆಯ್ಕೆಗೆ ಗುರುತು ಹಾಕಿ, ಹಳೆಯ ಬ್ಯಾಂಕಿನ ಹೆಸರು ಬರೆದು, ಸಹಿ ಮಾಡಿ ಸ್ವೀಕೃತಿ ಪಡೆದೆ. ಸ್ವೀಕೃತಿ ಬಿಡಬೇಡಿ.

ನಾಲ್ಕು ದಿನದ ಮೇಲೆ ಅದೇ ಪುಟದಲ್ಲಿ ಹೊಸ ಬ್ಯಾಂಕಿನ ಹೆಸರು, ಪಕ್ಕದಲ್ಲಿ ‘ಆಕ್ಟಿವ್’ ಎಂದು ಬಂತು. ಆ ಪ್ರಿಂಟನ್ನು ಅರ್ಜಿ ಸಂಖ್ಯೆಯೊಂದಿಗೆ ವಿದ್ಯಾರ್ಥಿವೇತನ ಕೊಡುವ ಇಲಾಖೆಯ ತಾಲ್ಲೂಕು ಕಚೇರಿಗೆ ಕೊಟ್ಟ ಮೇಲೆ ಹಣ ಹೊಸ ಖಾತೆಗೆ ಜಮೆಯಾಯಿತು. ಈ ವರ್ಷ ಅರ್ಜಿ ಹಾಕುವ ಮೊದಲೇ ಸೀಡಿಂಗ್ ನೋಡಿಕೊಂಡೆ.